ಏನಿದು ವಾಯು ಪ್ರಾಬಲ್ಯ? 1971ರ ಢಾಕಾ ಕಲಿಸಿದ ಪಾಠ

ಗಡಿಯಲ್ಲಿ ಗಲಾಟೆ ಶುರುವಾದ್ರೆ ಸಾಕು, ಟಿವಿ ಚರ್ಚೆಗಳಲ್ಲಿ ‘ಏರ್ ಸುಪೀರಿಯಾರಿಟಿ’ ಅನ್ನೋ ಮಾತು ಬಂದೇ ಬರುತ್ತದೆ. ಕನ್ನಡದಲ್ಲಿ ಇದು ವಾಯು ಪ್ರಾಬಲ್ಯ. ಹಾಗಂದ್ರೆ ಬರೀ ಜಾಸ್ತಿ ವಿಮಾನ ಇರೋದು ಅಂತಲ್ಲ. ಯುದ್ಧ ನಡೆಯುವ ಜಾಗದ ಮೇಲೆ ನಮ್ಮ ವಿಮಾನಗಳು ದೊಡ್ಡ ಅಡ್ಡಿಯಿಲ್ಲದೆ ಹಾರುವಂತಿರಬೇಕು, ಶತ್ರುವಿಗೆ ಅದು ಸಾಧ್ಯವಾಗಬಾರದು.

ಢಾಕಾದಲ್ಲಿ ಆಗಿದ್ದೇನು?

1971ರ ಡಿಸೆಂಬರ್ 3ರಂದು ಯುದ್ಧ ಆರಂಭವಾದಾಗ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಪಾಕಿಸ್ತಾನಕ್ಕಿದ್ದದ್ದು ಸೇಬರ್ ಯುದ್ಧವಿಮಾನಗಳ ಒಂದೇ ಸ್ಕ್ವಾಡ್ರನ್. ಅದರ ನೆಲೆ ಢಾಕಾದ ತೇಜ್‌ಗಾಂವ್. ಯುದ್ಧಕ್ಕೆ ಮುಂಚೆಯೇ, ನವೆಂಬರ್ 22ರಂದು ಬೊಯ್ರಾ ಬಳಿ ನಮ್ಮ ನ್ಯಾಟ್ ವಿಮಾನಗಳು ಸೇಬರ್‌ಗಳನ್ನು ಹೊಡೆದುರುಳಿಸಿದ್ದವು. ಈ ಪುಟ್ಟ ನ್ಯಾಟ್‌ಗಳನ್ನು ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸುತ್ತಿತ್ತು.

ಡಿಸೆಂಬರ್ 4ರ ಕಾಳಗದಲ್ಲಿ ಭಾರತವೂ ವಿಮಾನಗಳನ್ನು ಕಳೆದುಕೊಂಡಿತು. ಆಮೇಲೆ ಮಿಗ್-21 ವಿಮಾನಗಳು ತೇಜ್‌ಗಾಂವ್ ರನ್‌ವೇಗೇ ಬಾಂಬ್ ಹಾಕಿ ಗುಂಡಿ ತೋಡಿದವು. ಪಾಕ್ ಕಡೆ ಸೇಬರ್‌ಗಳು ಇನ್ನೂ ಉಳಿದಿದ್ದವು, ಆದರೆ ಮೇಲೇರೋಕೆ ರನ್‌ವೇ ಇರಲಿಲ್ಲ. ನಾಲ್ಕೈದು ದಿನದೊಳಗೆ ಅಲ್ಲಿನ ಆಕಾಶ ಪೂರ್ತಿ ಭಾರತದ ಕೈಗೆ ಬಂತು.

ನೆಲದ ಮೇಲೆ ಏನು ಲಾಭ?

ಮೇಘನಾ ನದಿಯ ಸೇತುವೆಯನ್ನು ಪಾಕ್ ಸೇನೆ ಸ್ಫೋಟಿಸಿತ್ತು. ಡಿಸೆಂಬರ್ 9ರಿಂದ ಎಂಐ-4 ಹೆಲಿಕಾಪ್ಟರ್‌ಗಳು ನಮ್ಮ ಯೋಧರನ್ನು ಆಚೆ ದಡಕ್ಕೆ ಇಳಿಸಿದವು. 11ರಂದು ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಪಡೆ ಇಳಿಯಿತು. ಮೇಲೆ ಶತ್ರು ವಿಮಾನ ಇದ್ದಿದ್ದರೆ ನಿಧಾನವಾಗಿ ಹಾರುವ ಹೆಲಿಕಾಪ್ಟರ್, ಸಾರಿಗೆ ವಿಮಾನಗಳು ಸುಲಭದ ಗುರಿಯಾಗುತ್ತಿದ್ದವು. ಒಳಗಿದ್ದ ಯೋಧರ ಗತಿ ಏನಾಗುತ್ತಿತ್ತು ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ.

14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ಮಿಗ್‌ಗಳು ದಾಳಿ ಮಾಡಿದವು; ಗವರ್ನರ್ ಎ.ಎಂ. ಮಲಿಕ್ ಅಂದೇ ರಾಜೀನಾಮೆ ಕೊಟ್ಟರು. 16ರಂದು ಪಾಕ್ ಸೇನೆ ಶರಣಾಯಿತು.

ಆಕಾಶವೊಂದೇ ಸಾಕಾ?

ಸಾಲದು. ವಿಮಾನ ಊರು ಹಿಡಿಯೋದಿಲ್ಲ, ಹಿಡಿದ ಊರನ್ನು ಕಾಯೋದೂ ಇಲ್ಲ. ನದಿ ದಾಟಿ ಢಾಕಾ ಬಾಗಿಲಿಗೆ ಹೋಗಿ ನಿಂತದ್ದು ಕಾಲಾಳು ಯೋಧರೇ. ಆದರೆ ಅವರು ತಲೆಯ ಮೇಲಿನ ಭಯವಿಲ್ಲದೆ ಮುಂದೆ ನಡೆಯಲು ಸಾಧ್ಯವಾಗಿದ್ದು ಆಕಾಶ ನಮ್ಮದಾಗಿದ್ದರಿಂದ.