ಮೇಷ್ಟ್ರು ರಹೀಮ್ ಸಾಹೇಬರು

ನಮ್ಮ ಮಹಾಗಾಂವ ಸೇರಿದಂತೆ ಕಲಬುರಗಿ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜಧಾನಿಯ ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ (1909–1963) ಭಾರತದ ಶ್ರೇಷ್ಠ ಫುಟ್‌ಬಾಲ್ ತರಬೇತುದಾರರೆನಿಸಿದರು.

ಅವರು ತರಬೇತು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡಕ್ಕೆ 1951ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ದೊರೆತವು.

1962ರ ಜಕಾರ್ತಾ ಕೂಟದಲ್ಲಿ ಜರ್ನೈಲ್ ಸಿಂಗ್ ತಲೆಗೆ ಗಾಯವಾಗಿ ಹೊಲಿಗೆ ಬಿದ್ದಿತ್ತು. ರಕ್ಷಣಾ ಆಟಗಾರನಾದ ಅವರನ್ನು ರಹೀಮರು ಮುಂಚೂಣಿಗೆ ನಿಲ್ಲಿಸಿದರು. ಫೈನಲ್‌ನಲ್ಲಿ ಅವರೂ ಗೋಲು ಹೊಡೆದರು. ದಕ್ಷಿಣ ಕೊರಿಯಾ 2-1ರಿಂದ ಸೋತಿತು. ಮರುವರ್ಷವೇ ರಹೀಮರು ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಚಿನ್ನ ಭಾರತಕ್ಕೆ ಮತ್ತೆ ದಕ್ಕಿಲ್ಲ.

ವಿದ್ಯಾರ್ಥಿಗಳೇ, ಶಿಷ್ಯನಿಗೇ ತಿಳಿಯದ ಶಕ್ತಿಯನ್ನು ಗುರುತಿಸುವವನೇ ಗುರು.