ಎರಡು ಲಕ್ಷದ ಫ್ರೇಮು, ಏಳೆಂಟು ಸಾವಿರದ ಸೈಕಲ್ಲು

ಈ ಸಂಚಿಕೆಯಲ್ಲಿ ಉಕ್ಕಿನ ಸೈಕಲ್ ಫ್ರೇಮಿನ ಬಗ್ಗೆ ಮಾತಾಡಿದ್ದೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಅದರ ಬರಹರೂಪ ಇದು.

ನಮ್ಮ ವೀಕ್ಷಕರಲ್ಲಿ ವಾರಾಂತ್ಯಕ್ಕೆ ಸೈಕಲ್ ಹೊಡೆಯೋರು ಬಹಳ ಜನ ಇದ್ದೀರಿ. ಹವ್ಯಾಸ ಸ್ವಲ್ಪ ಬಲಿತ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಒಬ್ಬ ಕುಶಲಕರ್ಮಿ ತನ್ನ ಕೈಯಲ್ಲೇ ಬೆಸೆದು ಕೊಡುವ ಉಕ್ಕಿನ ಫ್ರೇಮಿಗೆ ಎರಡು ಲಕ್ಷ ರೂಪಾಯಿಯ ಆಸುಪಾಸು. ಬರೀ ಫ್ರೇಮು, ಚಕ್ರ, ಬ್ರೇಕು, ಪೆಡಲು ಎಲ್ಲ ಬೇರೆ. ಇಲ್ಲಿ ಬೈಕುಲ್ಲಾದ ಗಲ್ಲಿಗಳಲ್ಲಿ ಪಾವ್ ಹೊತ್ತು ಓಡಾಡುವ ಕರಿ ಸೈಕಲ್ಲೂ ಉಕ್ಕಿನದೇ. ಅದು ಪೂರ್ತಿ ಸೈಕಲ್ಲಿಗೇ ಏಳೆಂಟು ಸಾವಿರ. ಹಾಗಾದ್ರೆ ದುಬಾರಿಯದು ಮೋಸವಾ? ಅಗ್ಗದ್ದು ಕಳಪೆಯಾ?

ಎರಡೂ ಅಲ್ಲ. ಒಂದು ಬೆಲೆಯಲ್ಲಿ ದುಡಿದ ಕೈ ಕಾಣುತ್ತೆ, ಇನ್ನೊಂದರಲ್ಲಿ ಕಾಣಲ್ಲ. ಅಷ್ಟೇ ವ್ಯತ್ಯಾಸ ಅಂತ ನನ್ನ ವಾದ.

ಮೊದಲು ಬೈಕುಲ್ಲಾದಿಂದಲೇ ಶುರು ಮಾಡೋಣ. 1858ರಲ್ಲಿ ಶುರುವಾದ ರಿಚರ್ಡ್‌ಸನ್ ಆ್ಯಂಡ್ ಕ್ರಡಾಸ್ ಕಂಪನಿಯ ಬೈಕುಲ್ಲಾ ಐರನ್ ವರ್ಕ್ಸ್ ಇರೋದು ಇಲ್ಲೇ. 1872ರಲ್ಲಿ ಬಾಗಿಲು ತೆರೆದ ಭಾವು ದಾಜಿ ಲಾಡ್ ಮ್ಯೂಸಿಯಂ, ಆಗಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್, ಕರಕುಶಲ ಕಲೆಗಳನ್ನು ಜನರಿಗೆ ತೋರಿಸೋಕೆ ಹುಟ್ಟಿದ್ದು. ಇವತ್ತಿನ ವಿಜೆಟಿಐ 1887ರಲ್ಲಿ ಸ್ಥಾಪನೆಯಾಗಿ, 1923ರಲ್ಲಿ ಮಾಟುಂಗಾಕ್ಕೆ ಹೋಗುವವರೆಗೂ ಬೈಕುಲ್ಲಾದಲ್ಲೇ ಇತ್ತು. ಅಂದ್ರೆ ಕಬ್ಬಿಣದ ಕೆಲಸ, ಕೈಕಸಬಿನ ಪ್ರದರ್ಶನ, ತಾಂತ್ರಿಕ ಶಿಕ್ಷಣ ಮೂರೂ ಒಂದೇ ಪೇಟೆಯಲ್ಲಿದ್ದವು.

ಆದರೂ ಸೈಕಲ್ಲು ಮಾತ್ರ ದಶಕಗಟ್ಟಲೆ ಇಂಗ್ಲೆಂಡಿನಿಂದ ಹಡಗಲ್ಲಿ ಬರ್ತಿತ್ತು. 1923ರ ಅಕ್ಟೋಬರ್ 15ರಂದು ಬಾಂಬೆ ವೆಯ್ಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಜಗತ್ತು ಸುತ್ತೋಕೆ ಈ ಊರಿಂದ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮ್‌ಗರಾ ಈ ಮೂವರು ಸುಮಾರು 71,000 ಕಿಲೋಮೀಟರ್ ತುಳಿದು 1928ರ ಮಾರ್ಚ್‌ನಲ್ಲಿ ವಾಪಸ್ ಬಂದರು. ಜಗತ್ತು ಸುತ್ತೋ ಹುಡುಗರು ಬೊಂಬಾಯಲ್ಲಿದ್ದರು, ಸೈಕಲ್ ಕಾರ್ಖಾನೆ ಇನ್ನೂ ಇರಲಿಲ್ಲ.

ಕಬ್ಬಿಣದ ಕೆಲಸ ಬಲ್ಲ ಊರಿಗೆ ಸೈಕಲ್ ಫ್ರೇಮು ಯಾಕೆ ದಕ್ಕಲಿಲ್ಲ? ಫ್ರೇಮಿನೊಳಗೇ ಅದಕ್ಕೆ ಉತ್ತರ ಇದೆ. ಫ್ರೇಮು ಅಂದ್ರೆ ತೆಳು ಗೋಡೆಯ ಕೆಲವು ಪೈಪುಗಳು, ಅವು ಕೂಡುವ ಜಾಗದಲ್ಲಿ ಲಗ್ ಅನ್ನೋ ತೋಳು, ಸಂದಿಗೆ ಕರಗಿಸಿ ಹರಿಸಿದ ಹಿತ್ತಾಳೆ. ಬೆಸುಗೆ ಹಾಕೋ ಕೈಯನ್ನು ಎಲ್ಲಾದರೂ ತಯಾರು ಮಾಡಬಹುದು. ಆದ್ರೆ ಆ ತೆಳು ಪೈಪು ಎಳೆಯೋಕೆ ದೊಡ್ಡ ಯಂತ್ರ ಬೇಕು. 1897ರಲ್ಲೇ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಮನೆತನ, ಎರಡು ತುದಿಯಲ್ಲಿ ದಪ್ಪ ಮತ್ತು ನಡುವೆ ತೆಳು ಇರುವ ಪೈಪಿಗೆ ಪೇಟೆಂಟ್ ತಗೊಂಡಿತ್ತು. 1935ರಲ್ಲಿ ಅವರದೇ 531 ಅನ್ನೋ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕು ಬಂತು. ರೇಸ್ ಸೈಕಲ್ಲಿನವರು ಇವತ್ತಿಗೂ ಆ ನಂಬರನ್ನು ಭಕ್ತಿಯಿಂದ ಹೇಳ್ತಾರೆ.

ಇಲ್ಲಿ ಒಂದು ತಪ್ಪು ನಂಬಿಕೆ ಸರಿಮಾಡಿಬಿಡೋಣ. ದುಬಾರಿ ಉಕ್ಕು ಹೆಚ್ಚು ಗಡುಸು, ಕಡಿಮೆ ಬಾಗುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಬಾಗುವಿಕೆಯನ್ನು ತಡೆಯೋ ಗುಣ ಎಲ್ಲಾ ಉಕ್ಕಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ತೂಕದ ಸಾಂದ್ರತೆಯೂ ಅಷ್ಟೇ. ಬದಲಾಗೋದು ಬಲ. ಬಲ ಜಾಸ್ತಿಯಿದ್ದರೆ ಗೋಡೆ ತೆಳು ಮಾಡಬಹುದು, ಆಗ ಫ್ರೇಮು ಹಗುರ ಆಗುತ್ತೆ. ಕರಿ ಸೈಕಲ್ಲು ಇಪ್ಪತ್ತು ಕೆಜಿ ಆಸುಪಾಸು ತೂಗೋಕೆ ದಪ್ಪ ಗೋಡೆಯ ಸಾದಾ ಉಕ್ಕೂ ಒಂದು ಕಾರಣ. ಆದ್ರೆ ಕ್ಯಾರಿಯರ್ ಮೇಲೆ ಗ್ಯಾಸ್ ಸಿಲಿಂಡರ್ ಹೇರಬೇಕಾದಾಗ ಆ ದಪ್ಪವೇ ಕಾಪಾಡುತ್ತೆ.

ಈಗ ಬೆಲೆಯ ಲೆಕ್ಕ, ಉದಾಹರಣೆಗೆ ಅಷ್ಟೇ. ಒಬ್ಬ ಒಂದು ಫ್ರೇಮಿಗೆ 40 ಗಂಟೆ ಕೂತ ಅಂದ್ಕೊಳ್ಳಿ, ಗಂಟೆಗೆ 500 ರೂಪಾಯಿ. ಕೂಲಿಯೇ 20,000. ಅದೇ ಕೆಲಸವನ್ನು ಅಮೆರಿಕದ ಗಂಟೆ ದರಕ್ಕೆ ಗುಣಿಸಿ, ಮಳಿಗೆ ಬಾಡಿಗೆ, ಪೈಪು, ಬಣ್ಣ ಸೇರಿಸಿ. ಎರಡು ಲಕ್ಷ ಆಶ್ಚರ್ಯ ಅನ್ನಿಸಲ್ಲ. ಇನ್ನೊಂದು ಕಡೆ, ಒಂದು ಕೋಟಿಯ ಯಂತ್ರ ಹಾಕಿ ಸಾವಿರ ಫ್ರೇಮು ಮಾಡಿದರೆ ಒಂದೊಂದರ ತಲೆ ಮೇಲೆ 10,000 ರೂಪಾಯಿ. ಹತ್ತು ಲಕ್ಷ ಫ್ರೇಮು ಮಾಡಿದರೆ 10 ರೂಪಾಯಿ. ಕಾರ್ಖಾನೆ ಗೆಲ್ಲೋದು ಆ ಸಂಖ್ಯೆ ಮುಟ್ಟಿದರೆ ಮಾತ್ರ. ಮುಟ್ಟದಿದ್ರೆ ಯಂತ್ರವೇ ಅದನ್ನು ಮುಳುಗಿಸುತ್ತೆ.

ಮುಂಬಯಿ ಇದನ್ನು ಕಣ್ಣಾರೆ ಕಂಡಿದೆ. ಬೈಕುಲ್ಲಾದಿಂದ ಕೆಲವೇ ಕಿಲೋಮೀಟರ್ ದೂರದ ವರ್ಲಿಯಲ್ಲಿ 1939ರಲ್ಲಿ ಹಿಂದ್ ಸೈಕಲ್ಸ್ ಶುರುವಾಯ್ತು. ದೇಶದ ಮೊದಮೊದಲ ಸೈಕಲ್ ಕಾರ್ಖಾನೆಗಳಲ್ಲಿ ಅದೊಂದು. ಆಮೇಲೆ ಸಂಕಷ್ಟಕ್ಕೆ ಸಿಕ್ಕಿ, 1980ರಲ್ಲಿ ಅದನ್ನೂ ಆಸನ್ಸೋಲಿನ ಸೆನ್-ರ್‍ಯಾಲೆಯನ್ನೂ ಸಂಸತ್ತು ಒಂದೇ ಕಾಯ್ದೆಯಲ್ಲಿ ರಾಷ್ಟ್ರೀಕರಣ ಮಾಡಿತು. ಹಿಂದ್ ಸೈಕಲ್ಸ್ ನ್ಯಾಷನಲ್ ಬೈಸಿಕಲ್ ಕಾರ್ಪೊರೇಷನ್ ಆಯ್ತು. ಕೊನೆಗೆ ಅದೂ ಮುಚ್ಚಿತು. ಈಗ ವರ್ಲಿಯಲ್ಲಿ ಹಿಂದ್ ಸೈಕಲ್ ರೋಡ್ ಅನ್ನೋ ಹೆಸರಿದೆ, ಸೈಕಲ್ ಮಾಡೋರಿಲ್ಲ.

ಅದೇ ಕಾಲದಲ್ಲಿ ಲೂಧಿಯಾನ ಬೇರೆ ದಾರಿ ಹಿಡಿದಿತ್ತು. ದೇಶ ವಿಭಜನೆಗೂ ಮೊದಲು ಬಿಡಿಭಾಗ ಮಾರಿಕೊಂಡಿದ್ದ ಮುಂಜಾಲ್ ಸಹೋದರರು 1956ರಲ್ಲಿ ಹೀರೋ ಸೈಕಲ್ಸ್ ಶುರುಮಾಡಿ, ಮೊದಲ ವರ್ಷ ಮಾಡಿದ್ದು ಬರೀ 639 ಸೈಕಲ್ಲು. 1986ಕ್ಕೆ ಗಿನ್ನೆಸ್ ಪುಸ್ತಕದಲ್ಲಿ ಜಗತ್ತಿನ ಅತಿದೊಡ್ಡ ಸೈಕಲ್ ತಯಾರಕರು. ಗುಟ್ಟು ಒಂದು ಮಹಾ ಯಂತ್ರದಲ್ಲಿ ಇರಲಿಲ್ಲ. ಪೆಡಲು ಒಬ್ಬರು, ಹಬ್ಬು ಇನ್ನೊಬ್ಬರು, ಬೆಲ್ಲು ಮತ್ತೊಬ್ಬರು, ಹೀಗೆ ಊರ ತುಂಬ ಸಣ್ಣಸಣ್ಣ ವರ್ಕ್‌ಶಾಪುಗಳು. ಹಲವು ಬಿಡಿಭಾಗಗಳನ್ನು ಸರ್ಕಾರ ಸಣ್ಣ ಕೈಗಾರಿಕೆಗೇ ಮೀಸಲಿಟ್ಟಿತ್ತು. ಯಂತ್ರದ ಖರ್ಚು ಹಂಚಿಹೋಯ್ತು, ಸಂಖ್ಯೆ ಮಾತ್ರ ಒಂದೆಡೆ ಕೂಡಿತು.

ನಾವು 'ಮಾಸ್ ಪ್ರೊಡಕ್ಷನ್' ಅಂದಾಗ ಮನಸ್ಸಿಗೆ ಬರೋದು ಮನುಷ್ಯರಿಲ್ಲದ ಕಾರ್ಖಾನೆ. ನಮ್ಮ ಕರಿ ಸೈಕಲ್ಲು ಹಾಗೆ ಹುಟ್ಟಿದ್ದಲ್ಲ. ಅದರಲ್ಲಿ ಹತ್ತಾರು ಜನರ ಕೈಕೆಲಸ ಇದೆ. ಕೈಕೆಲಸದ ಫ್ರೇಮಿನ ಮೇಲೆ ಒಬ್ಬನ ಹೆಸರಿರುತ್ತೆ, ಆ ಹೆಸರಿಗೂ ಸೇರಿಸಿ ನಾವು ದುಡ್ಡು ಕೊಡ್ತೀವಿ. ಕರಿ ಸೈಕಲ್ಲಿನ ಕೈಗಳಿಗೆ ಹೆಸರಿಲ್ಲ, ಕೂಲಿಯೂ ಕಡಿಮೆ. ಆ ಅಗ್ಗದಲ್ಲಿ ಒಂದು ಪಾಲು ಜಾಣತನದ ವ್ಯವಸ್ಥೆಯದು, ಇನ್ನೊಂದು ಪಾಲು ಅವರ ಬೆವರಿನದು. ಎರಡನ್ನೂ ಒಂದೇ ಅಂದ್ಕೋಬಾರದು.

ಹಾಗಂತ ಅಗ್ಗವನ್ನು ಬೈಯೋಕೂ ನನಗೆ ಮನಸ್ಸಿಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರುಮಾಡಿದ್ದು ನಿಮಗೆ ನೆನಪಿರಬಹುದು. ಪಕ್ಕದೂರಿನ ಹೈಸ್ಕೂಲಿಗೆ ನಡೆದು ಹೋಗಬೇಕಿದ್ದ ಹುಡುಗಿಗೆ ಆ ಸೈಕಲ್ಲಿನ ಮೌಲ್ಯ ಯಾವ ಟೆಂಡರ್ ದರದಲ್ಲೂ ಬರೆದಿಲ್ಲ. ಒಂದೊಂದೇ ಫ್ರೇಮು ಕೈಯಲ್ಲಿ ಬೆಸೆಯುವ ಲೋಕದಲ್ಲಿ ಅವಳಿಗೆ ಸೈಕಲ್ಲು ಸಿಗ್ತಿರಲಿಲ್ಲ. ಮುಂಬಯಿಯ ಡಬ್ಬಾವಾಲಾಗಳ ಲೆಕ್ಕವೂ ಅದೇ. ಸೈಕಲ್ ಕೆಟ್ಟರೆ ಯಾವ ಮೂಲೆಯಲ್ಲಾದರೂ ಬಿಡಿಭಾಗ ಸಿಗಬೇಕು, ಫ್ರೇಮು ಬಿರುಕು ಬಿಟ್ಟರೆ ಗಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲೇ ಸರಿಯಾಗಬೇಕು.

ಕೈಯಲ್ಲಿ ಕಟ್ಟಿದ ಫ್ರೇಮಿಗೂ ಅದರ ಜಾಗ ಇದೆ. ಜಪಾನಿನಲ್ಲಿ 1948ರಲ್ಲಿ ಕೊಕುರಾದಲ್ಲಿ ಶುರುವಾದ ಕೇರಿನ್ ಪಂದ್ಯದ ಸಾಂಪ್ರದಾಯಿಕ ರೇಸುಗಳಲ್ಲಿ ಇವತ್ತಿಗೂ ಮಾನ್ಯತೆ ಪಡೆದ ಕುಶಲಕರ್ಮಿಗಳ ಉಕ್ಕಿನ ಫ್ರೇಮೇ ನಿಯಮ. ಜನ ದುಡ್ಡು ಕಟ್ಟೋ ಪಂದ್ಯ ಅದು; ಗೆಲುವು ಕಾಲಿನದಾಗಬೇಕು, ತಂತ್ರಜ್ಞಾನದ್ದಲ್ಲ ಅನ್ನೋದು ಅದರ ತರ್ಕ. ನಿಮ್ಮ ಎತ್ತರಕ್ಕೆ ಅಂಗಡಿ ಸೈಜು ಹೊಂದಲ್ಲ, ಬೆನ್ನು ನೋವು ಬಿಡಲ್ಲ ಅಂದ್ರೆ ಅಳತೆಗೆ ಕಟ್ಟಿಸಿಕೊಳ್ಳೋದು ನ್ಯಾಯವಾದ ಖರ್ಚು. ಅಳತೆ ಸರಿಹೊಂದೋರಿಗೆ ಉಳಿಯೋದು ಇಷ್ಟದ ಪ್ರಶ್ನೆ. ಇಷ್ಟಕ್ಕೆ ದುಡ್ಡು ಕೊಡೋದೂ ತಪ್ಪಲ್ಲ, ಅದನ್ನು ಎಂಜಿನಿಯರಿಂಗ್ ಅಂತ ಕರೀಬೇಡಿ ಅಷ್ಟೇ.

ಗಂಟೆ ಲೆಕ್ಕದಲ್ಲಿ ಬಿಲ್ ಆಗೋದು ಹೇಗೆ, ಒಮ್ಮೆ ಬರೆದ ಕೋಡು ಲಕ್ಷ ಜನಕ್ಕೆ ಮಾರೋದು ಹೇಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಎರಡು ಲಕ್ಷದ ಫ್ರೇಮು ಕಂಡಾಗ 'ಎಷ್ಟು ಗಂಟೆ' ಅಂತ ಕೇಳಿ. ಏಳೆಂಟು ಸಾವಿರದ ಸೈಕಲ್ಲು ಕಂಡಾಗ 'ಎಷ್ಟು ಜನ' ಅಂತ ಕೇಳಿ. ಪಂಕ್ಚರ್ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡೋ ಮುಂಚೆಯೂ ಈ ಲೆಕ್ಕ ಒಮ್ಮೆ ನೆನಪಾಗಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.