ಮೈಸೂರು ಸಂಸ್ಥಾನವು ಭಾರತ ಸಂವಿಧಾನವನ್ನು ಅಂಗೀಕರಿಸಿದ ಬಗೆ

1949ನೆಯ ನವೆಂಬರು 26ರಂದು ದೆಹಲಿಯ ಸಂವಿಧಾನ ಸಭೆಯು ಭಾರತ ಸಂವಿಧಾನವನ್ನು ಅಂಗೀಕರಿಸಿದುದು ಸರ್ವವಿದಿತವಾದ ವಿಷಯ. ಅದರ ಹಿಂದಿನ ದಿನವೇ ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರವರು ಆ ಸಂವಿಧಾನವೇ ತಮ್ಮ ಸಂಸ್ಥಾನಕ್ಕೂ ಸಂವಿಧಾನವೆಂದು ಘೋಷಿಸಿದರೆಂಬುದು ಅಷ್ಟಾಗಿ ಪ್ರಚುರವಾಗಿಲ್ಲ. ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ, ಅಲ್ಲಿಯ ಜನರಿಗೆ ಹೊಸ ಸಂವಿಧಾನವು ಪ್ರಾಪ್ತವಾದುದು ಈ ಮಾರ್ಗದಿಂದಲೇ. ಇದು ಅರಸರ ದಾನವೋ ಪ್ರಜೆಗಳ ಸಂಕಲ್ಪವೋ ಎಂಬುದು ವಿಚಾರಣೀಯ.

ಮೊದಲು ಶಬ್ದವನ್ನು ನೋಡೋಣ. ಅಂಗಶಬ್ದದ ಮೇಲೆ ಚ್ವಿ ಪ್ರತ್ಯಯವು ಬಂದು ಅಂಗೀಕಾರವೆಂಬ ಪದವು ಸಿದ್ಧವಾಗುತ್ತದೆ; ಮೊದಲು ಅಂಗವಲ್ಲದುದನ್ನು ಅಂಗವನ್ನಾಗಿ ಮಾಡಿಕೊಳ್ಳುವುದೆಂದು ಅದರ ಅರ್ಥ. ವೈಯಾಕರಣರು ಇದನ್ನೇ ಅಭೂತತದ್ಭಾವವೆನ್ನುವರು. 1947ನೆಯ ಆಗಸ್ಟ್ 9ರಂದು ಮಹಾರಾಜರು ಸಹಿ ಮಾಡಿದ ಪ್ರವೇಶಪತ್ರವು ಇಂತಹ ಅಂಗೀಕಾರವಲ್ಲ. ಅದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳಿಗೆ ಪರಿಮಿತವಾದ ಒಡಂಬಡಿಕೆ. ಸಂಸ್ಥಾನದೊಳಗಣ ಪರಮಾಧಿಕಾರವು ಅರಮನೆಯಲ್ಲಿಯೇ ಉಳಿದಿತ್ತು.

ಮೈಸೂರಿಗೆ ಸಭೆಗಳು ಹೊಸತಲ್ಲ. 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಗಿ, ತಾಲ್ಲೂಕುಗಳ ರೈತರೂ ವರ್ತಕರೂ ಅಲ್ಲಿ ಅಹವಾಲು ಹೇಳಿಕೊಳ್ಳಲು ಅವಕಾಶವಾಯಿತು. ಮುಂದೆ ಚುನಾವಣೆಯೂ ಬಂದಿತು. ಆದರೆ ಮತಾಧಿಕಾರವು ಕೆಲವರದು. ಸಭೆಯದು ಬಿನ್ನಹ, ನಿರ್ಣಯವು ಅರಸರದು. ಈ ವ್ಯತ್ಯಾಸವನ್ನು ಅಳಿಸಲೆಂದೇ 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯು ನಡೆಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರವು ರಚಿತವಾಯಿತು. ತರುವಾಯ ಮೈಸೂರಿಗೇ ಒಂದು ಸಂವಿಧಾನ ಸಭೆಯೂ ಏರ್ಪಟ್ಟಿತು.

ಈ ಸಭೆಯು ಪ್ರತ್ಯೇಕ ಸಂವಿಧಾನವೊಂದನ್ನು ನಿರ್ಮಿಸದೆ, ಭಾರತ ಸಂವಿಧಾನವನ್ನೇ ಸ್ವೀಕರಿಸಬೇಕೆಂದು ಶಿಫಾರಸು ಮಾಡಿತು. ದೆಹಲಿಯ ಸಭೆಯಲ್ಲಿ ಕೆ. ಸಿ. ರೆಡ್ಡಿ, ಕೆ. ಹನುಮಂತಯ್ಯ ಮೊದಲಾದ ಮೈಸೂರಿನ ಪ್ರತಿನಿಧಿಗಳೂ ಇದ್ದುದರಿಂದ, ಅದು ಪರಕೀಯರು ಹೊರಿಸಿದ ಶಾಸನವೆನಿಸಲಿಲ್ಲ. ಈ ಶಿಫಾರಸನ್ನು ಅನುಸರಿಸಿಯೇ ಮಹಾರಾಜರ ಘೋಷಣೆಯು ಹೊರಟಿತು. ಆದಕಾರಣ ಘೋಷಣೆಯ ವಾಕ್ಯವು ಅರಸರದಾದರೂ ಸಂಕಲ್ಪವು ಪ್ರಜೆಗಳದು. ರಾಜಾಜ್ಞೆಯಿಂದಲೇ ರಾಜಾಜ್ಞೆಯ ಪರಮಾಧಿಕಾರವು ಮುಗಿದುದು ಇಲ್ಲಿಯ ವಿಶೇಷ.

1950ನೆಯ ಜನವರಿ 26ರಿಂದ ಮಹಾರಾಜರು ಸಂವಿಧಾನಕ್ಕೆ ಅಧೀನರಾದ ರಾಜಪ್ರಮುಖರಾದರು. 1956ರಲ್ಲಿ ಆ ಪದವಿಯೂ ರದ್ದಾಯಿತು. ಇದಕ್ಕಿಂತ ಮಿಗಿಲಾದ ಫಲವು ವಯಸ್ಕರೆಲ್ಲರ ಮತಾಧಿಕಾರ. 1952ರ ಹೊತ್ತಿಗೆ ಮುಗಿದ ಮೊದಲ ಮಹಾಚುನಾವಣೆಯಲ್ಲಿ ಗುಬ್ಬಿಯ ವರ್ತಕನಿಗೂ ಕುಣಿಗಲಿನ ಕೂಲಿಯವಳಿಗೂ ಮತದ ಬೆಲೆಯು ಒಂದೇ ಆಯಿತು. ಹಿಂದೆ ರಾಜ್ಯಕ್ಕೆ ಅಂಗವೆಂದು ಎಣಿಕೆಯಾಗದವರು ಅಂಗವಾದರು. ಅಂಗೀಕಾರಶಬ್ದದ ಪೂರ್ಣಾರ್ಥವು ಇದೇ.